ಅಪ್‌ಡೇಟ್: ಯೂನಿಟ್ ಟೆಸ್ಟೋ, ಬ್ರೌಸರ್ ಟೆಸ್ಟೋ? ಕೊನೆಗೆ ಆಗಿದ್ದು ಹೀಗೆ

ನಮ್ಮ ಬಿಲ್ಲಿಂಗ್ ಆ್ಯಪ್‌ಗೆ ಸೆಲೆನಿಯಂ (ಬ್ರೌಸರನ್ನು ತಾನೇ ಓಡಿಸಿ ಪರೀಕ್ಷಿಸುವ ಸಾಧನ) ಟೆಸ್ಟ್‌ಗಳನ್ನೇ ಮುಂದುವರಿಸಲೋ, ಯೂನಿಟ್ ಟೆಸ್ಟ್ (ಕೋಡ್‌ನ ಒಂದೊಂದೇ ಚಿಕ್ಕ ಭಾಗದ ಪರೀಕ್ಷೆ) ಜಾಸ್ತಿ ಬರೆಯಲೋ ಅಂತ ಹೋದ ವಾರ ಕೇಳಿದ್ದೆನಲ್ಲ, ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಬ್ರೌಸರ್ ಟೆಸ್ಟ್‌ಗಳಲ್ಲಿ ಸ್ಲೀಪ್ (ನಡುವೆ ಕಾಯುವ ಸಮಯ) 2 ಸೆಕೆಂಡ್‌ನಿಂದ 5ಕ್ಕೆ ಏರಿಸಿದೆ. ನಿಧಾನವಾಯಿತು ಅಷ್ಟೇ, ಸುಮ್‌ಸುಮ್ನೆ ಫೇಲ್ ಆಗುವುದು ನಿಲ್ಲಲಿಲ್ಲ. ಆಮೇಲೆ ಡೇಟಾಬೇಸನ್ನೆಲ್ಲ ಮಾಕ್ ಮಾಡಿದೆ, ಅಂದರೆ ನಿಜದ್ದರ ಬದಲು ನಕಲಿ ಇಟ್ಟೆ. ಎಲ್ಲ ಹಸಿರು, ಅಂದರೆ ಎಲ್ಲ ಪಾಸ್! ಆದರೆ ಮಾಕ್ ನಾವು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತದೆ, ಅಲ್ವಾ? ಕ್ವೆರಿಯಲ್ಲಿ (ಡೇಟಾಬೇಸಿಗೆ ಕಳಿಸುವ ಪ್ರಶ್ನೆಯಲ್ಲಿ) ಇದ್ದ ತಪ್ಪು ಹಾಗೇ ಉಳಿದಿತ್ತು.

ಕೈಹಿಡಿದದ್ದು ಟೆಸ್ಟ್‌ಕಂಟೈನರ್ಸ್ (ಟೆಸ್ಟ್‌ಗೆಂದೇ ತಾತ್ಕಾಲಿಕವಾಗಿ ನಿಜವಾದ ಡೇಟಾಬೇಸ್ ಎಬ್ಬಿಸಿಕೊಡುವ ಲೈಬ್ರರಿ) ಬಳಸಿ ಅಂತ ಕೊಟ್ಟ ಸಲಹೆ. ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ನಿಜವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಬ್ಬಿಸಿ, ಬ್ರೌಸರ್ ಇಲ್ಲದೆ ಸರ್ವರನ್ನೇ ನೇರವಾಗಿ ಕೇಳುವ ಎಪಿಐ ಮಟ್ಟದಲ್ಲೇ ಟೆಸ್ಟ್ ಓಡಿಸುತ್ತಿದ್ದೇನೆ. ತೆರಿಗೆ ಲೆಕ್ಕಕ್ಕೆ ಯೂನಿಟ್ ಟೆಸ್ಟ್ ಸಾಕು. ಬ್ರೌಸರ್ ಟೆಸ್ಟ್ ಈಗ ಲಾಗಿನ್ ಮತ್ತು ಪೇಮೆಂಟ್‌ಗೆ ಮಾತ್ರ.

ಮಜಾ ಏನು ಗೊತ್ತಾ, ಒಂದು ಟೆಸ್ಟ್ ನಡುರಾತ್ರಿ ಕಳೆದ ಮೇಲೆ ಓಡಿಸಿದರೆ ಮಾತ್ರ ಬೀಳುತ್ತಿತ್ತು. ಸರ್ವರ್ ಗಡಿಯಾರ ಇದ್ದದ್ದು ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯ). ನಮಗೆ ಬೆಳಗ್ಗೆ 5:30 ಆಗುವ ತನಕ ಅದಕ್ಕೆ ಇನ್ನೂ ನಿನ್ನೆ! ರಾತ್ರಿ 1 ಗಂಟೆಗೆ ಮಾಡಿದ ಬಿಲ್‌ಗೆ ಹಿಂದಿನ ದಿನದ ತಾರೀಕು ಬೀಳುತ್ತಿತ್ತು. ಟೆಸ್ಟೇ ಸರಿಯಿಲ್ಲ ಅಂತ ತಿಂಗಳಿಂದ ಬೈಯುತ್ತಿದ್ದೆ, ಪಾಪ. ಈಗ ಕೋಡ್‌ನಲ್ಲೇ ಏಷ್ಯಾ/ಕೋಲ್ಕತಾ (ಭಾರತೀಯ ಸಮಯ ವಲಯದ ಹೆಸರು) ಅಂತ ಬರೆದಿದ್ದೇನೆ.