ಪದಚರ್ಚೆ: ‘ಡ್ರಾಫ್ಟ್ ಕಾರ್ಡ್’ಗೆ ‘ಕರಡು ಚೀಟಿ’ ಅನ್ನಬಹುದೇ? (ತುರ್ತು)

ಸು. ವ. ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ವಿಯೆಟ್ನಾಂ ಯುದ್ಧಕಾಲದ ಅಮೆರಿಕದ ಫೋಟೋ ಪ್ರದರ್ಶನವೊಂದರ ಕನ್ನಡ ಫಲಕಗಳು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ‘ಡ್ರಾಫ್ಟ್’ ಅಂದರೆ ಇಲ್ಲಿ ಯುವಕರನ್ನು ಕಡ್ಡಾಯವಾಗಿ ಸೇನೆಗೆ ಕರೆಯುವುದು. ಈಗಿನ ಪಠ್ಯ ಹೀಗಿದೆ: ‘ಕರಡು ಚೀಟಿ ಸುಡುತ್ತಿರುವ ಯುವಕರು, ಯೂನಿಯನ್ ಸ್ಕ್ವೇರ್, ನ್ಯೂಯಾರ್ಕ್, ನವೆಂಬರ್ 1965’. ಇನ್ನೆರಡು ಫಲಕಗಳಲ್ಲಿ ಡ್ರಾಫ್ಟ್ ಡಾಡ್ಜರ್‌ಗೆ (ಆ ಕರೆ ತಪ್ಪಿಸಿಕೊಂಡವರು) ‘ಪಲಾಯನವಾದಿ’, ಕಾನ್‌ಷಿಯೆಂಷಸ್ ಅಬ್ಜೆಕ್ಟರ್‌ಗೆ (ಮನಸ್ಸಾಕ್ಷಿ ಒಪ್ಪದೆಂದು ಯುದ್ಧ ಬೇಡವೆಂದವರು) ‘ಆತ್ಮಸಾಕ್ಷಿ ವಿರೋಧಿ’ ಅಂತಿದೆ. ಯಾವುದೂ ಸರಿ ಕಾಣುತ್ತಿಲ್ಲ. ಎರಡೇ ಸಾಲು, ಸಾಲಿಗೆ 25 ಅಕ್ಷರ. ಅಡಿಟಿಪ್ಪಣಿಗೆ ಜಾಗವಿಲ್ಲ.

ಕೆ. ಎನ್.:
ಕರಡು ಚೀಟಿ ಅಂದರೆ ಇನ್ನೂ ತಿದ್ದಬೇಕಾದ ಚೀಟಿ. ಹಾಗೇ ‘ಡ್ರಾಫ್ಟ್’ ಅಂತ ಬಿಟ್ಟರೆ ಬ್ಯಾಂಕಿನ ಡಿಡಿ ಸುಟ್ಟರು ಅಂದುಕೊಳ್ಳುತ್ತಾರೆ. ‘ಭರ್ತಿ ಆದೇಶ’ ಅಂತಲೂ ಬರೆಯಬೇಡಿ, ಅದು ಬೇರೆ ಕಾಗದ. 18 ತುಂಬಿದ ಗಂಡಸರು ಸ್ಥಳೀಯ ಸೇನಾ ಭರ್ತಿ ಮಂಡಳಿಯಲ್ಲಿ ಹೆಸರು ಬರೆಸಬೇಕಿತ್ತು. ಬರೆಸಿದ್ದಕ್ಕೆ ಒಂದು ಪತ್ರ, ಯಾವ ವರ್ಗ (1-ಎ ಅಂದರೆ ಕರೆಗೆ ಸಿದ್ಧ, 2-ಎಸ್ ಅಂದರೆ ಓದುತ್ತಿರುವವ, 4-ಎಫ್ ಅಂದರೆ ಅನರ್ಹ) ಅನ್ನುವುದಕ್ಕೆ ಇನ್ನೊಂದು. ಎರಡನ್ನೂ ಸದಾ ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಸುಟ್ಟದ್ದು ಇವನ್ನೇ. 1965ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸುಟ್ಟವರಿಗೆ 5 ವರ್ಷದವರೆಗೆ ಜೈಲು, 10,000 ಡಾಲರ್‌ವರೆಗೆ ದಂಡ. ಹಾಗಾಗಿ ‘ಕಡ್ಡಾಯ ಸೇನಾ ನೋಂದಣಿ ಕಾರ್ಡ್’.

ಹೊ. ಗೌ.:
ಸೇನೆ ಸಂಸ್ಕೃತ, ನೋಂದಣಿ ಮರಾಠಿ, ಕಾರ್ಡ್ ಇಂಗ್ಲಿಷ್. ಕನ್ನಡ ಎಲ್ಲಿದೆ? ಇಂಗ್ಲಿಷಿನಲ್ಲಿ ‘ಡ್ರಾಫ್ಟ್’ ಪದದ ಬೇರು ‘ಎಳೆ, ಸೆಳೆ’ ಅನ್ನುವುದರಲ್ಲಿದೆ. ನಮ್ಮಲ್ಲೂ ‘ಸೆಳೆ’ ಇದೆಯಲ್ಲ. ಸೆಳೆಪಡೆ. ಕಾರ್ಡಿಗೆ ಸೆಳೆಯೋಲೆ.

ಕೆ. ಎನ್.:
ಸೆಳೆಯೋಲೆ ಸೀರೆ ಅಂಗಡಿಯ ಜಾಹೀರಾತಿಗೆ ಚೆನ್ನಾಗಿದೆ. ಹುಡುಗರನ್ನು ಯಾರೂ ಸೆಳೆಯಲಿಲ್ಲ, ಹಿಡಿದುಕೊಂಡು ಹೋದರು.

ಹೊ. ಗೌ.:
ಹಾಗಾದರೆ ‘ಬಿಟ್ಟಿಪಡೆ’. ಬಲವಂತದ ದುಡಿಮೆಗೆ ಅಚ್ಚಗನ್ನಡ ಪದ.

ಶ್ರೀ. ಪಾ.:
ಅಚ್ಚಗನ್ನಡವೂ ಅಲ್ಲ, ಅರ್ಥವೂ ಕೂಡುವುದಿಲ್ಲ. ಬಿಟ್ಟಿ ‘ವಿಷ್ಟಿ’ಯ ತದ್ಭವ. ಈಗ ಬಿಟ್ಟಿ ಅಂದರೆ ಪುಕ್ಕಟೆ, ಆ ಸೈನಿಕರಿಗೆ ತಿಂಗಳ ಸಂಬಳವಿತ್ತು.

ಮ. ಅ.:
ಗೌಡರೇ, ಬೇರು ಅಗೆಯುವುದನ್ನು ನಾಡಿದ್ದಿಗೆ ಇಟ್ಟುಕೊಳ್ಳಿ. ಹೆಚ್ಚು ಅಪಾಯ ಇರುವುದು ‘ಪಲಾಯನವಾದಿ’ಯಲ್ಲಿ. ಮೂರು ಥರದ ಜನರನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ಕರೆ ಬರುವ ಮೊದಲೋ ಬಂದಮೇಲೋ ಕೆನಡಾಕ್ಕೆ ಹೋದವರು ಒಬ್ಬರು. ಸೇನೆಗೆ ಸೇರಿದ ಮೇಲೆ ಬಿಟ್ಟುಹೋದವರು ಇನ್ನೊಬ್ಬರು. ಎಲ್ಲಿಗೂ ಹೋಗದೆ ಎದುರಿಗೇ ಒಲ್ಲೆ ಅಂದವರು ಮತ್ತೊಬ್ಬರು. ಬಾಕ್ಸರ್ ಮಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೇನೆಗೆ ಸೇರಿಸಲು ಹೆಸರು ಕೂಗಿದಾಗ ಒಂದು ಹೆಜ್ಜೆ ಮುಂದಿಡಲಿಲ್ಲ, ಅಷ್ಟೇ. ಪಟ್ಟ ಹೋಯಿತು, ಕೇಸು ನಡೆಯಿತು, 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು. ಅವರನ್ನು ಪಲಾಯನವಾದಿ ಅನ್ನುತ್ತೀರಾ? ಕಾರ್ಡ್ ಸುಟ್ಟವರೂ ಅಷ್ಟೇ: ಸುಟ್ಟರೆ ಕರೆ ತಪ್ಪುತ್ತಿರಲಿಲ್ಲ, ಎಷ್ಟೋ ಮಂಡಳಿಗಳು ಅಂಥವರನ್ನೇ ಮೊದಲು ಕರೆಯುತ್ತಿದ್ದವು.

ಪದದ ವ್ಯತ್ಯಾಸ ಕಾನೂನಿನಲ್ಲೂ ಇತ್ತು. 1977ರ ಜನವರಿ 21ರಂದು ಅಧ್ಯಕ್ಷ ಕಾರ್ಟರ್ ಕೊಟ್ಟ ಕ್ಷಮಾದಾನ ಡ್ರಾಫ್ಟ್ ತಪ್ಪಿಸಿಕೊಂಡವರಿಗೆ ಸಿಕ್ಕಿತು, ಸೇನೆ ಬಿಟ್ಟು ಓಡಿದವರಿಗೆ ಸಿಗಲಿಲ್ಲ. ಆದ್ದರಿಂದ: ‘ಸೇನಾ ಕರೆ ತಪ್ಪಿಸಿಕೊಂಡವರು’, ‘ಸೇನಾ ಕರೆ ನಿರಾಕರಿಸಿದವರು’, ‘ಸೇನೆ ತೊರೆದವರು’. ಫೋಟೋ ನೋಡಿ ಆರಿಸಿ.

‘ಆತ್ಮಸಾಕ್ಷಿ ವಿರೋಧಿ’ಯನ್ನಂತೂ ಇವತ್ತೇ ಅಳಿಸಿ. ಭ್ರಷ್ಟಾಚಾರ ವಿರೋಧಿ ಭ್ರಷ್ಟಾಚಾರವನ್ನು ವಿರೋಧಿಸುವವನಾದರೆ ಇವನು ಏನನ್ನು ವಿರೋಧಿಸುತ್ತಾನೆ? ‘ವಿಯೆಟ್ನಾಂ ಯುದ್ಧ ವಿರೋಧಿ’ಯೂ ನಡೆಯದು. ಈ ಯುದ್ಧವೊಂದೇ ಬೇಡ ಅಂದರೆ ಸಾಲದು, ಎಲ್ಲ ಯುದ್ಧವನ್ನೂ ಒಲ್ಲದವನಾಗಿರಬೇಕು ಅಂತ 1971ರಲ್ಲಿ ಕೋರ್ಟೇ ಹೇಳಿತು. ಮಂಡಳಿ ಒಪ್ಪಿದರೆ 1-ಒ ವರ್ಗ, ಎರಡು ವರ್ಷ ಆಸ್ಪತ್ರೆಯಂಥ ಕಡೆ ನಾಗರಿಕ ಕೆಲಸ. ಕೋವಿ ಹಿಡಿಯದೆ ಸೇನೆಯೊಳಗೇ ದುಡಿಯುತ್ತೇನೆ ಅಂದವರಿಗೆ 1-ಎ-ಒ. ನನ್ನ ಸಲಹೆ: ‘ಮನಸ್ಸಾಕ್ಷಿಯಂತೆ ಯುದ್ಧ ಒಲ್ಲದವರು’. ಗೌಡರೇ, ‘ಒಲ್ಲ’ ಅಚ್ಚಗನ್ನಡ, ಸಮಾಧಾನವೇ?

ಹೊ. ಗೌ.:
ನಾಲ್ಕರಲ್ಲಿ ಒಂದು. ದೊಡ್ಡ ಮನಸ್ಸು ಮಾಡಿದಿರಿ.

ಸು. ವ.:
ಮೇಡಂ, ಬಹಳ ಉಪಕಾರ. ಇನ್ನೊಂದು ಫಲಕ: ‘ಲಾಟರಿ ಹೊಡೆದ ಹುಟ್ಟುಹಬ್ಬಗಳು, 1969’.

ಕೆ. ಎನ್.:
ಅಯ್ಯೋ! ಇಲ್ಲಿ ಲಾಟರಿ ಹೊಡೆದರೆ ದುಡ್ಡು, ಅಲ್ಲಿ ಹೊಡೆದರೆ ಬೂಟು. 1969ರ ಡಿಸೆಂಬರ್ 1, ವಾಷಿಂಗ್ಟನ್. ವರ್ಷದ 366 ತಾರೀಖುಗಳನ್ನು ನೀಲಿ ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು ಗಾಜಿನ ಜಾಡಿಯಿಂದ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14, ಅಂದು ಹುಟ್ಟಿದವರಿಗೆ ಸೇನೆಗೆ ಹೋಗುವ ಮೊದಲ ಸರದಿ. ಕೊನೆಗೆ 195ನೆಯ ಸರದಿಯವರೆಗೆ ಕರೆದರು. ಗುಳಿಗೆಗಳನ್ನು ತಿಂಗಳ ಪ್ರಕಾರ ತುಂಬಿ ಸರಿಯಾಗಿ ಕಲಸದ್ದರಿಂದ ಡಿಸೆಂಬರಿನಲ್ಲಿ ಹುಟ್ಟಿದವರ ತಾರೀಖುಗಳು ಬೇಗ ಬೇಗ ಬಂದವು ಅಂತ ಆಮೇಲೆ ದೊಡ್ಡ ಗದ್ದಲವಾಯಿತು. ‘ಹುಟ್ಟುಹಬ್ಬ’ ಬೇಡ, ‘ಜನ್ಮದಿನಾಂಕ’ ಸಾಕು.

ಹೊ. ಗೌ.:
‘ಚೀಟಿ ಎತ್ತಿದ ಹುಟ್ಟುದಿನಗಳು’ ಅನ್ನಿ. ಲಾಟರಿಯಾದರೂ ತಪ್ಪಲಿ.

ಶ್ರೀ. ಪಾ.:
ಚೀಟಿ ಎತ್ತಿದವನಿಗೂ ದುಡ್ಡೇ ಸಿಗುವುದು, ನಮ್ಮ ಬೀದಿಯ ಚೀಟಿ ವ್ಯವಹಾರ ಕೇಳಿ ನೋಡಿ. ಅಲ್ಲದೆ ‘ಚೀಟಿ’ಯೂ ಉತ್ತರದಿಂದ ಬಂದದ್ದೇ. ಕಚೇರಿಯವರು ‘ಪಡಿತರ ಚೀಟಿ’ ಅಂತ ಎಷ್ಟು ಕಾಲದಿಂದ ಅಚ್ಚು ಹಾಕುತ್ತಿದ್ದಾರೆ, ಅಂಗಡಿ ಮುಂದೆ ನಿಂತವರು ‘ರೇಷನ್ ಕಾರ್ಡು’ ಅನ್ನುವುದನ್ನು ಬಿಟ್ಟರೇ?

ಹೊ. ಗೌ.:
ಬಿಡಿಸಬೇಕಾದವರೇ ಬಿಡದಿದ್ದರೆ ಜನ ಯಾಕೆ ಬಿಡುತ್ತಾರೆ?

ಶ್ರೀ. ಪಾ.:
ಬಿಡಿಸುವುದಕ್ಕೆ ನಾವು ಯಾರು?

ಸು. ವ.:
ಕೊನೆಯ ಪಠ್ಯ: ‘ಕಡ್ಡಾಯ ಸೇನಾ ನೋಂದಣಿ ಕಾರ್ಡ್ ಸುಡುತ್ತಿರುವ ಯುವಕರು’. ‘ಸೇನಾ ಕರೆ ನಿರಾಕರಿಸಿದವರು’. ‘ಮನಸಾಕ್ಷಿಯಂತೆ ಯುದ್ಧ ಒಲ್ಲದವರು’. ‘ಸೇನಾ ಕರೆಯ ಲಾಟರಿ: ಎತ್ತಿದ ಜನ್ಮದಿನಾಂಕಗಳು, 1969’. ಬೆಳಿಗ್ಗೆ ಹತ್ತಕ್ಕೆ ಕಳಿಸುತ್ತೇನೆ.

ಮ. ಅ.:
‘ಮನಸ್ಸಾಕ್ಷಿ’. ಸ-ಕಾರಕ್ಕೆ ಒತ್ತು ಬಿಟ್ಟಿದ್ದೀರಿ. ಅಚ್ಚಾಗುವ ಮೊದಲು ಹಾಕಿ.