ದೋಸ್ತಗ ಬೈಕ್ ಕೊಟ್ಟಿದ್ದಕ್ಕ ತಮ್ಮನ್ನೂ ಆರೋಪಿ ಮಾಡ್ಯಾರ, ಮುಂದೇನ್ ಮಾಡ್ಬೇಕ್ರಿ?

ಗುಲ್ಬರ್ಗಾ_ಅಣ್ಣ

ಎಲ್ಲಾರಿಗೂ ನಮಸ್ಕಾರ್ರೀ. ಕೋರ್ಟು ಕೇಸು ಗೊತ್ತಿದ್ದವರು ಯಾರಾರ ಇದ್ರ ದಯವಿಟ್ಟು ಹೇಳ್ರಿ, ಮನ್ಯಾಗ ಯಾರಿಗೂ ಊಟ ಸೇರವಲ್ದು. ನನ್ನ ತಮ್ಮ ಡಿಪ್ಲೊಮಾ ಮುಗಿಸಿ ಇಲ್ಲೇ ರಿಂಗ್ ರೋಡಿನ್ಯಾಗ ಒಂದು ಗ್ಯಾರೇಜಿಗೆ ಹೋಗ್ತಾನ. ಹೋದ ವಾರ ಸಂಜಿಮುಂದ ಅವನ ದೋಸ್ತ ಒಬ್ಬ ಬಂದು ಆಳಂದಕ್ಕ ಹೋಗಿ ಬರ್ತೀನಿ ಗಾಡಿ ಕೊಡು ಅಂದಾನ, ಇವ ಚಾವಿ ಕೊಟ್ಟಾನ, ಅಷ್ಟೇ. ಆ ಹುಡುಗ ಆಳಂದಕ್ಕ ಹೋಗೇ ಇಲ್ಲ, ಇನ್ನೊಬ್ಬನ್ನ ಹಿಂದ ಕೂಡಿಸ್ಕೊಂಡು ಸೇಡಂ ರೋಡ್ ಕಡಿ ಹೋಗಿ ವಾಕಿಂಗ್ ಹೊಂಟಿದ್ದ ಒಬ್ಬ ಅಮ್ಮಾರ ಕೊಳ್ಳಾಗಿನ ಸರ ಕಿತ್ಕೊಂಡು ಓಡ್ಯಾರ. ಸಿಸಿಟಿವಿನ್ಯಾಗ ಗಾಡಿ ನಂಬರ್ ಬಿದ್ದದ, ಆರ್‌ಸಿ ನನ್ನ ಹೆಸರಿಗದ.

ಎಫ್‌ಐಆರ್‌ನ್ಯಾಗ ತಮ್ಮನ ಹೆಸರಿಲ್ಲ, ಅಪರಿಚಿತ ಇಬ್ಬರು ಅಂತ ಅಷ್ಟೇ ಅದ. ಆದ್ರ ಆ ಹುಡುಗ್ರು ಸಿಕ್ಕ ಮ್ಯಾಲ ಗಾಡಿ ಕೊಟ್ಟವನಿಗೂ ಎಲ್ಲಾ ಗೊತ್ತಿತ್ತು ಅಂತ ಹೇಳ್ಯಾರಂತ, ಕಸ್ಟಡಿ ಕೇಳಿ ಕೋರ್ಟಿಗಿ ಕೊಟ್ಟ ರಿಮ್ಯಾಂಡ್ ಅರ್ಜಿನ್ಯಾಗ ತಮ್ಮನ್ನ ಎ3, ಅಂದ್ರ ಮೂರನೇ ಆರೋಪಿ ಅಂತ ಹಾಕ್ಯಾರ. ನಿನ್ನಿ 35(3) ಅಂತ ಬರ್ದಿದ್ದ ಒಂದು ನೋಟಿಸ್ ಕೊಟ್ಟು ಹೋಗ್ಯಾರ. ಇನ್ನೊಂದು ಏನಂದ್ರ ಅವತ್ತು ರಾತ್ರಿ ಆ ದೋಸ್ತ ಗಾಡಿ ವಾಪಸ್ ಕೊಡ್ಲಾಕ ಬಂದು ನಮ್ಮ ಮನ್ಯಾಗೇ ಉಂಡು ಮಲ್ಕೊಂಡು ಮುಂಜಾನಿ ಹೋಗ್ಯಾನ, ಅದಕ್ಕ ಆಶ್ರಯ ಕೊಟ್ಟೀರಿ ಅನ್ಲಿಕತ್ತಾರ. ಅವ್ವಗೂ ಸ್ಟೇಷನ್ನಿಗಿ ಕರ್ಕೊಂಡ್ ಬರ್ರಿ ಅಂದಾರ. ನಮ್ಮ ಮನಿತನದಾಗ ಯಾರೂ ಸ್ಟೇಷನ್ ಕಟ್ಟಿ ಹತ್ತಿಲ್ರಿ.

ಭೀಮಾ_ದಂಡಿ

ಅಣ್ಣಾ ಮೊದ್ಲ ತಮ್ಮಗ ಹೈದರಾಬಾದ್ ಕಡಿ ಸಂಬಂಧಿಕರ ಮನಿಗಿ ಕಳಸ್ರಿ, ಸ್ವಲ್ಪ ದಿನ ತಣ್ಣಗಾಗ್ತದ. ಫೋನಿನ್ಯಾಗ ಆ ದೋಸ್ತನ ಜೋಡಿ ಮಾಡಿದ್ದ ವಾಟ್ಸಾಪ್ ಎಲ್ಲಾ ತೆಗದು ಹಾಕ್ಲಿ.

ವಕೀಲ_ಕಲಬುರಗಿ

ಮ್ಯಾಲಿನ ಮಾತು ಖಂಡಿತ ಕೇಳಬ್ಯಾಡ್ರಿ, ಕೈಮುಗಿದು ಹೇಳ್ತೀನಿ. ನೋಟಿಸ್ ಬಂದ ಮ್ಯಾಲ ಊರು ಬಿಟ್ರ ಅದೇ ಬಂಧನಕ್ಕ ಕಾರಣ ಆಗ್ತದ, ಚಾಟ್ ಅಳಿಸಿದ್ರ ಸಾಕ್ಷಿ ನಾಶ ಅಂತ ಬಿಎನ್‌ಎಸ್ 238 ಬೇರೆ ಹಚ್ಚಲಾಕ ದಾರಿ ಕೊಟ್ಟಂಗ. ಅದಕ್ಕಿಂತ ದೊಡ್ಡ ಮಾತು, ಆ ಚಾಟೇ ನಿಮ್ಮ ತಮ್ಮಗ ಕಾಯೋ ಸಾಕ್ಷಿ ಆಗಬಹುದು. "ಆಳಂದಕ್ಕ ಹೋಗ್ಬೇಕು ಗಾಡಿ ಅದನಾ" ಅಂತ ಒಂದು ಸಾಲು ಇದ್ರ ಸಾಕು.

ಈಗ ಕಾನೂನು ಏನದ ಅಂತ ನೋಡ್ರಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಅಂದ್ರ ಬಿಎನ್‌ಎಸ್ ಬಂದದ. ಮೊದ್ಲು 107 ಅಂತಿದ್ದ ಕುಮ್ಮಕ್ಕು ಈಗ ಕಲಂ 45. ಯಾರನ್ನಾರ ಪ್ರಚೋದನೆ ಮಾಡಿರಬೇಕು, ಇಲ್ಲಾ ಒಳಸಂಚಿನ್ಯಾಗ ಇರಬೇಕು, ಇಲ್ಲಾ ಉದ್ದೇಶಪೂರ್ವಕವಾಗಿ ಸಹಾಯ ಮಾಡಿರಬೇಕು. ನಿಮ್ಮ ಕೇಸು ಮೂರನೇದ್ದು, ಅದರಾಗ ಉದ್ದೇಶ ಅನ್ನೋ ಶಬ್ದದ ಮ್ಯಾಲೇ ಎಲ್ಲಾ ನಿಂತದ. ಗಾಡಿಯಿಂದ ಅಪರಾಧಕ್ಕ ಅನುಕೂಲ ಆಯ್ತು ಅಂತ ತೋರ್ಸಿದ್ರ ಸಾಲಂಗಿಲ್ಲ, ಅನುಕೂಲ ಆಗ್ಲಿ ಅಂತಲೇ ಚಾವಿ ಕೊಟ್ಟ ಅಂತ ಪ್ರಾಸಿಕ್ಯೂಷನ್ ಸಾಬೀತು ಮಾಡ್ಬೇಕು. ಶ್ರೀರಾಮ್ ವಿರುದ್ಧ ಉತ್ತರ ಪ್ರದೇಶ ಅಂತ ಸುಪ್ರೀಂ ಕೋರ್ಟಿಂದು ಹಳೆ ತೀರ್ಪದ, ಸ್ನೇಹದಿಂದ ಒಬ್ಬನ್ನ ಕರೆದಿದ್ದು ಅವನ ಕೊಲೆಗಿ ಅನುಕೂಲ ಆದ್ರೂ ಆ ಉದ್ದೇಶದಿಂದಲೇ ಕರೆದಿದ್ದಲ್ಲಂದ್ರ ಅದು ಕುಮ್ಮಕ್ಕು ಅಲ್ಲ ಅಂತ ಅದರಾಗ ಹೇಳ್ಯಾರ. ನಿಮ್ಮ ವಕೀಲರಿಗೆ ಈ ತೀರ್ಪು ತೋರ್ಸ್ರಿ. ಇನ್ನೊಂದು, ಸಹಾಯ ಅನ್ನೋದು ಕೃತ್ಯದ ಮೊದ್ಲು ಇಲ್ಲಾ ಕೃತ್ಯ ನಡ್ಯೋ ಹೊತ್ತಿನ್ಯಾಗ ಆಗಿರಬೇಕು. ರಾತ್ರಿ ಊಟ ಹಾಕಿದ್ದು ಕುಮ್ಮಕ್ಕಿನ್ಯಾಗ ಬರಂಗಿಲ್ಲ.

ಅದು ಬರೋದಿದ್ರ ಅಪರಾಧಿಗೆ ಆಶ್ರಯ ಕೊಡೋದರ ಬಿಎನ್‌ಎಸ್ 249ರಾಗ, ಅಲ್ಲೂ ಅವ ಅಪರಾಧಿ ಅಂತ ಗೊತ್ತಿದ್ದು ಇಲ್ಲಾ ನಂಬಲಾಕ ಕಾರಣ ಇದ್ದು, ಶಿಕ್ಷೆಯಿಂದ ಪಾರು ಮಾಡ್ಲಿ ಅಂತ ಇಟ್ಕೊಂಡಿರಬೇಕು. ದೋಸ್ತ ಉಂಡು ಮಲಗಿದ ಅಷ್ಟಕ್ಕ ಅದು ನಿಲ್ಲಂಗಿಲ್ಲ.

ಆ ಹುಡುಗ್ರು ಪೊಲೀಸರ ಮುಂದ ಏನ್ ಹೇಳಿದ್ರೂ ಅದು ತಪ್ಪೊಪ್ಪಿಗೆ ಅಂತ ಕೋರ್ಟಿನ್ಯಾಗ ಸಾಬೀತು ಮಾಡಲಾಕ ಬರಂಗಿಲ್ಲ, ಹೊಸ ಸಾಕ್ಷ್ಯ ಅಧಿನಿಯಮದ ಕಲಂ 23 ನೋಡ್ರಿ. ಪೊಲೀಸರು ಅದನ್ನ ತನಿಖೆಗೆ ಬಳಸ್ತಾರ, ಹೆಸರು ಸೇರಿಸ್ತಾರ, ಆದ್ರ ಶಿಕ್ಷೆ ಆಗಲಾಕ ಬೇರೆ ಸಾಕ್ಷಿ ಬೇಕೇ ಬೇಕು.

35(3) ನೋಟಿಸ್ ಅಂದ್ರ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ) ಅಡಿ ಬಂಧನ ಮಾಡದಂಗ ವಿಚಾರಣೆಗೆ ಕರೆಯೋದು, ಅದು ಬಂದದ ಅಂದ್ರ ಒಂದು ಲೆಕ್ಕಕ್ಕ ಚೊಲೋನೇ. ಸರಗಳ್ಳತನಕ್ಕ ಹೊಸ ಕಾಯ್ದೆನ್ಯಾಗ 304 ಅಂತ ಬೇರೆ ಕಲಮೇ ಅದ, 3 ವರ್ಷದ ತನ ಶಿಕ್ಷೆ, ಜಾಮೀನು ಸಿಗೋದು ಕೋರ್ಟಿನ ವಿವೇಚನೆ. ನೋಟಿಸ್‌ನ್ಯಾಗ ಇದ್ದ ತಾರೀಖಿಗಿ ಹೋಗಿ ತನಿಖೆಗೆ ಸಹಕಾರ ಕೊಟ್ರ, ಕಾರಣ ಬರೆದಿಡದಂಗ ಬಂಧನ ಮಾಡೋ ಹಂಗಿಲ್ಲ. ಆದ್ರ ದರೋಡೆ 309 ಹಚ್ಚ್ಯಾರಾ ಅಂತ ಎಫ್‌ಐಆರ್ ನೋಡಿ ಹೇಳ್ರಿ, ಅದು 10 ವರ್ಷದ ತನ ಹೋಗ್ತದ. ಬಂಧನದ ಭಯ ಇದ್ರ ಬಿಎನ್‌ಎಸ್‌ಎಸ್ 482ರಡಿ ನಿರೀಕ್ಷಣಾ ಜಾಮೀನು ಇಲ್ಲೇ ಸೆಷನ್ಸ್ ಕೋರ್ಟಿನ್ಯಾಗ ಹಾಕ್ರಿ, ಅಲ್ಲಿ ಆಗಲಿಲ್ಲಂದ್ರ ಹೈಕೋರ್ಟ್ ಪೀಠನೂ ನಮ್ಮೂರಾಗೇ ಅದ, ಬೆಂಗಳೂರಿಗಿ ಓಡಬೇಕಿಲ್ಲ.

ಅವ್ವಗ ಸ್ಟೇಷನ್ನಿಗಿ ಕರ್ಕೊಂಡು ಹೋಗಬ್ಯಾಡ್ರಿ. ಹೆಣ್ಮಕ್ಕಳಿಗೆ ಸಾಕ್ಷಿ ಅಂತ ಕರೆಯೋದಿದ್ರ ಅವರು ಇರೋ ಮನಿಗೇ ಬಂದು ಕೇಳ್ಬೇಕು, ಬಿಎನ್‌ಎಸ್‌ಎಸ್ 179ರಾಗ ಸಾಫ್ ಬರ್ದದ.

ಬೀದರ್_ಟ್ರಾನ್ಸ್‌ಪೋರ್ಟ್

ವಕೀಲ್ ಸಾಹೇಬ್ರು ಹೇಳಿದ್ದು ಖರೇ ಅದ ರೀ. ನಮ್ಮ ಮಾವಂದು ಬೊಲೆರೊ ಪಿಕಪ್ ಬಾಡಿಗಿಗಿ ತೊಗೊಂಡು ಪಡಿತರ ಅಕ್ಕಿ ಸಾಗಿಸಿದ್ರು, ಮಾವನ್ನೂ ಆರೋಪಿ ಮಾಡಿದ್ರು. ಅವರಿಗಿ ಉಳಿಸಿದ್ದು ಟ್ರಿಪ್ ಬುಕ್ಕು. ನೀಲಿ ಪೆನ್ನಿನ್ಯಾಗ ತಾರೀಖು, "ಭೂಸಾ, ಭಾಲ್ಕಿ", ಬಾಡಿಗಿ, ಮುಂಗಡ ಎಲ್ಲಾ ಬರ್ದಿದ್ರು, ಅದರ ಕೆಳಗ ಮರುದಿನದ ಟ್ರಿಪ್ಪೂ ಇತ್ತು, ಹಂಗಾಗಿ ಆಮ್ಯಾಲ ಬರ್ದಿದ್ದು ಅನ್ನಲಾಕ ಬರಲಿಲ್ಲ. ನಿಮ್ಮ ತಮ್ಮನೂ ಅಂಥದ್ದು ಏನದ ಅಂತ ಈಗಲೇ ಹುಡುಕಲಿ. ಗ್ಯಾರೇಜಿನ್ಯಾಗ ಆ ಹೊತ್ತಿಗಿ ಯಾರಿದ್ರು, ಚಾವಿ ಕೊಡುವಾಗ ಯಾರ್ ನೋಡ್ಯಾರ, ಅಲ್ಲಿ ಕ್ಯಾಮೆರಾ ಅದನಾ. ಕ್ಯಾಮೆರಾದ್ದು ಸ್ವಲ್ಪ ದಿನದಾಗ ಮ್ಯಾಲಿಂದ ಮ್ಯಾಲ ಅಳಿಸಿ ಹೋಗ್ತದ, ಇವತ್ತೇ ಮಾಲೀಕರಿಗಿ ಹೇಳಿ ಉಳಿಸಿಡ್ರಿ.

ಗುಲ್ಬರ್ಗಾ_ಅಣ್ಣ

ಎಲ್ಲಾರಿಗೂ ಭಾಳ ಉಪಕಾರ ಆಯ್ತ್ರಿ. ಎಫ್‌ಐಆರ್‌ನ್ಯಾಗ 304 ಒಂದೇ ಅದ. ಆದ್ರ ತಮ್ಮ ಈಗ ಒಂದು ಹೇಳಿದ, ಗಾಡಿ ಕೊಟ್ಟ ಮೂರನೇ ದಿನ ಆ ಹುಡುಗ ಇವನಿಗಿ 2000 ರೂಪಾಯಿ ಫೋನ್‌ಪೇ ಮಾಡ್ಯಾನ. ಅದು ಮೊದ್ಲು ತೊಗೊಂಡಿದ್ದ ಕೈಗಡ ಅಂತಾನ. ಇದನ್ನ ಹೇಳ್ಬೇಕಾ ಮುಚ್ಚಿಡ್ಬೇಕಾ?

ವಕೀಲ_ಕಲಬುರಗಿ

ಮುಚ್ಚಿಡಬ್ಯಾಡ್ರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಪೊಲೀಸರು ತೆಗೆಸೇ ತೆಗೆಸ್ತಾರ. ಪ್ರಾಸಿಕ್ಯೂಷನ್ ಇದನ್ನೇ ಪಾಲು ಕೊಟ್ಟಾನ ಅಂತ ಹಿಡಿತದ, ನಿಮ್ಮ ವಿರುದ್ಧ ಇದ್ದದ್ರಾಗ ಗಟ್ಟಿ ಮಾತು ಇದೇ. ಕೈಗಡ ಖರೇ ಇದ್ರ ತಮ್ಮ ಮೊದ್ಲು ಅವನಿಗಿ ಕಳಿಸಿದ ಎಂಟ್ರಿ ಫೋನ್‌ಪೇ ಹಿಸ್ಟರಿನ್ಯಾಗ ಇರ್ಬೇಕಲ್ಲ, ಅದನ್ನ ಹುಡುಕ್ರಿ. ಬ್ಯಾಂಕಿನಿಂದ ಸೀಲ್ ಹಾಕಿದ ಸ್ಟೇಟ್‌ಮೆಂಟ್ ತೊಗೊಳ್ರಿ, ಬರೇ ಸ್ಕ್ರೀನ್‌ಶಾಟ್ ನಂಬಿ ಕೂಡಬ್ಯಾಡ್ರಿ. ನಗದು ಕೊಟ್ಟಿದ್ರ ಯಾರ ಮುಂದ ಕೊಟ್ಟ, ಆ ರೊಕ್ಕ ಎಲ್ಲಿಂದ ತೆಗದ ಅಂತ ನೆನಪು ಮಾಡಿ ವಕೀಲರಿಗೆ ಹೇಳ್ಲಿ. ಮೊದ್ಲು ವಕೀಲರ ಮುಂದ ಪೂರ್ತಿ, ಒಂದೂ ಬಿಡದಂಗ. ಸ್ಟೇಷನ್ನಿನ್ಯಾಗ ತನಗ ತಾನೇ ಅಪರಾಧಿ ಮಾಡ್ಕೊಳ್ಳೋ ಉತ್ತರ ಕೊಡೋ ಬಲವಂತ ಇಲ್ಲ, ಸಂವಿಧಾನದ 20(3) ಅದ, ತನಿಖೆ ಹೊತ್ತಿನ್ಯಾಗ ಬರ್ಕೊಂಡ ಹೇಳಿಕೆಗಿ ಸಹಿ ಮಾಡೋದೂ ಬೇಕಿಲ್ಲ. ಸುಳ್ಳು ಮಾತ್ರ ಹೇಳಬಾರದು, ಸಣ್ಣ ಸುಳ್ಳೊಂದು ಸಿಕ್ರ ಖರೇ ಹೇಳಿದ್ದನ್ನೂ ಯಾರೂ ನಂಬಂಗಿಲ್ಲ.

ಚಾರ್ಜ್‌ಶೀಟ್ ಬಂದ ಮ್ಯಾಲ ಕಾಗದಪತ್ರ ಕೈಗಿ ಸಿಕ್ಕು 60 ದಿನದೊಳಗ ಬಿಎನ್‌ಎಸ್‌ಎಸ್ 262ರಡಿ ವಿಚಾರಣೆ ಮೊದ್ಲೇ ಕೇಸಿನಿಂದ ಕೈಬಿಡ್ರಿ ಅಂತ ಬಿಡುಗಡೆ ಅರ್ಜಿ ಹಾಕಬಹುದು, ಆ ತಾರೀಖು ಮರೀಬ್ಯಾಡ್ರಿ.

ಯಾದಗಿರಿ_ಅಕ್ಕ

ವಕೀಲರ ಫೀಸಿನ ಚಿಂತಿ ಇದ್ರ 15100ಕ್ಕ ಫೋನ್ ಹಚ್ರಿ, ಕಾನೂನು ಸೇವಾ ಪ್ರಾಧಿಕಾರದ್ದು. ಇಲ್ಲಂದ್ರ ಜಿಲ್ಲಾ ಕೋರ್ಟಿನ ಆವರಣದಾಗೇ ಅವರ ಆಫೀಸ್ ಇರ್ತದ, ಸೀದಾ ಹೋಗ್ರಿ. ಹೆಣ್ಮಕ್ಕಳು, ಎಸ್‌ಸಿ ಎಸ್‌ಟಿ, ಕಸ್ಟಡಿನ್ಯಾಗ ಇದ್ದವರಿಗೆ ಆದಾಯ ನೋಡಂಗಿಲ್ಲ. ಅವ್ವಗ ಧೈರ್ಯ ಹೇಳ್ರಿ ಅಣ್ಣಾ.

ಗುಲ್ಬರ್ಗಾ_ಅಣ್ಣ

ಸರಿ ಅಕ್ಕಾ. ಹಳೆ ಎಂಟ್ರಿ ಸಿಕ್ಕದ್ರಿ, ಎರಡು ತಿಂಗಳ ಹಿಂದಿನ 2000, ಅದರ ಜೋಡಿ "ಆಸ್ಪತ್ರಿಗಿ" ಅಂತ ಬರ್ದಾನ. ನಾಳಿ ವಕೀಲರ ಕಡಿ ಹೋಗ್ಲಿಕತ್ತೀವಿ. ಗಾಡಿ ಸ್ಟೇಷನ್ನಿನ್ಯಾಗೇ ನಿಂತದ, ಅದು ಯಾವಾಗ ಸಿಗ್ತದ?

ವಕೀಲ_ಕಲಬುರಗಿ

ಎಂಟ್ರಿ ಭಾಳ ಚೊಲೋ ಆಯ್ತು. ಗಾಡಿಗಿ ಆರ್‌ಸಿ ಮಾಲೀಕರಾಗಿ ನೀವೇ ಮ್ಯಾಜಿಸ್ಟ್ರೇಟ್ ಕೋರ್ಟಿನ್ಯಾಗ ಮಧ್ಯಂತರ ಸುಪರ್ದಿಗಿ, ಅಂದ್ರ ಕೇಸು ಮುಗಿಯೋ ತನ ಗಾಡಿ ನಿಮ್ಮ ವಶಕ್ಕ ಕೊಡ್ರಿ ಅಂತ ಅರ್ಜಿ ಹಾಕ್ರಿ. ವಾಹನ ಠಾಣೆ ಮುಂದ ಮಳಿ ಬಿಸಲಾಗ ಕೊಳಿಯೋ ಹಂಗ ಇಡಬಾರದು ಅಂತ 2002ರಾಗೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಹೇಳ್ಯದ. ಫೋಟೊ ತೆಗದು ಪಂಚನಾಮೆ ಮಾಡಿ ಬಾಂಡ್ ಬರೆಸ್ಕೊಂಡು ಬಿಡ್ತಾರ. ಆರ್‌ಸಿ, ಇನ್ಶೂರೆನ್ಸ್, ಆಧಾರ್ ಜೆರಾಕ್ಸ್ ನಾಳಿಗೇ ಒಯ್ರಿ. ಕೇಸು ಮುಗಿಯೋ ತನ ಮಾರಬ್ಯಾಡ್ರಿ, ಬಣ್ಣನೂ ಬದಲಿ ಮಾಡಬ್ಯಾಡ್ರಿ.