ಅಪ್‌ಡೇಟ್: ಅಜ್ಜಿ ಸಹಿ ಹಾಕಿದರು
ಡಯಾಲಿಸಿಸ್ ಬೇಡ, ಐಸಿಯು ಬೇಡ ಎಂದು ಹಟ ಹಿಡಿದ 84ರ ಅಜ್ಜಿಯ ಮಾತನ್ನು ಬರೆದಿಡಬಹುದಾ ಎಂದು ಕೇಳಿದ್ದೆ. ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ. ಆಗ ಮ್ಯಾಜಿಸ್ಟ್ರೇಟ್ ಸಹಿಯೂ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕು. ಪ್ರಜ್ಞೆ ಇರುವ ತನಕ ಅವರ ಬಾಯಿಮಾತೇ ನಡೆಯುತ್ತದೆ. ಈ ಕಾಗದ ಆಮೇಲಿನದಕ್ಕೆ.

ಉಡುಪಿಯಿಂದ ನೋಟರಿಯನ್ನು ಮನೆಗೇ ಕರೆಸಿದೆವು. ಅಜ್ಜಿ ಶಂಕರಪುರ ಮಲ್ಲಿಗೆ ಮುಡಿದು ಕೂತಿದ್ದರು. ಅಜ್ಜ ಹೋದ ಮೇಲೆ ಮುಡಿದದ್ದು ಇದೇ ಮೊದಲು. "ಮೂಗಿಗೆ ಪೈಪ್ ಹಾಕ್ಬಾರ್ದು, ಅದನ್ನೂ ಬರಿ ಮಾರಾಯ" ಎಂದರು. ದೊಡ್ಡಮಾವ ಜಗಲಿಯಿಂದ ಒಳಗೇ ಬರಲಿಲ್ಲ. ಊರವರು ಎಂತ ಹೇಳ್ತಾರೋ ಎಂಬ ಹೆದರಿಕೆ. ಕೊನೆಗೆ ಅಜ್ಜಿಯೇ ಕೂಗಿದರು: "ನಾಳೆ ನನ್ನ ಪರವಾಗಿ ಮಾತಾಡ್ಲಿಕ್ಕೆ ನಿನ್ನ ಹೆಸರೇ ಹಾಕಿಸಿದ್ದು." ಮಾವ ಬಂದು ಅವರ ಕಾಲ ಬಳಿ ಕೂತರು.

ಒಂದು ಪ್ರತಿ ನಮ್ಮ ಡಾಕ್ಟರ ಹತ್ತಿರ ಇದೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು ಎಂದೆ. "ಹಾಗಾದ್ರೆ ಮತ್ತೆ ಮಲ್ಲಿಗೆ ತರ್ಬೇಕಾಗ್ತದೆ" ಎಂದರು.

ಉಪ್ಪು ಕಡಿಮೆ ಮಾಡಲು ಡಾಕ್ಟರು ಹೇಳಿದ್ದಾರೆ. ನಿನ್ನೆ ಗಂಜಿಗೆ ಮಿಡಿ ಉಪ್ಪಿನಕಾಯಿ ಕೇಳಿದರು. ಕೊಟ್ಟೆ.